ಬೆಳೆಯುವುದನ್ನು ನಿಲ್ಲಿಸಿದ ರಾಜಧಾನಿ: ವಿಯೆನ್ನಾ ನಗರದ ಪ್ರಕರಣ ಅಧ್ಯಯನ

ರಾಜಧಾನಿ ಅಂದರೆ ಬೆಳೆಯುತ್ತಲೇ ಇರುವ ಊರು ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಬೆಂಗಳೂರನ್ನು ನೋಡಿಕೊಂಡು ಬಂದವರಿಗೆ ಇನ್ನು ಹೇಗೆ ಅನ್ನಿಸಬೇಕು? ಆದರೆ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದ ಕಥೆ ಬೇರೆ. 1910ರ ಜನಗಣತಿಯಲ್ಲಿ ಅಲ್ಲಿ 20.3 ಲಕ್ಷ ಜನರಿದ್ದರು. 1980ರ ದಶಕದ ಕೊನೆಗೆ ಉಳಿದವರು ಸುಮಾರು 14.8 ಲಕ್ಷ. ಮತ್ತೆ 20 ಲಕ್ಷ ದಾಟಿದ್ದು 2023ರಲ್ಲಿ.

ಊರು ಕುಗ್ಗುತ್ತಿದೆ ಅಂತ ಗೊತ್ತಾದ ಮೇಲೂ ಅದನ್ನು ನಡೆಸಬೇಕಲ್ಲ. ಯಾರು ಏನು ತೀರ್ಮಾನ ಮಾಡಿದರು, ಯಾವುದು ಫಲ ಕೊಟ್ಟಿತು, ಯಾವುದು ಕೊಡಲಿಲ್ಲ ಅನ್ನುವುದೇ ಇಲ್ಲಿನ ವಿಷಯ. ಊರಿನ ಹೆಸರು ಮುಚ್ಚಿಟ್ಟರೆ ಪ್ರಕರಣವೇ ಅರ್ಥವಾಗುವುದಿಲ್ಲ, ಹಾಗಾಗಿ ಅದನ್ನು ಹೇಳಿದ್ದೇನೆ. ಇತಿಹಾಸದ ಒಂದೆರಡು ಹೆಸರು ಬಿಟ್ಟರೆ ಮೇಯರ್, ಎಂಜಿನಿಯರ್, ಮನೆ ಮಾಲೀಕ, ಬಾಡಿಗೆದಾರ ಎಲ್ಲರೂ ಹೆಸರಿಲ್ಲದೆ ಬರುತ್ತಾರೆ. ನಾನು ವಿವರಿಸುವ ವಠಾರ ಕೂಡ ಯಾವುದೋ ಒಂದು ನಿರ್ದಿಷ್ಟ ವಿಳಾಸದ್ದಲ್ಲ. ಆ ಕಾಲದ ಸಾವಿರಾರು ವಠಾರಗಳು ಇದ್ದದ್ದೇ ಹಾಗೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಊರು ಬಿಡದೆ ಅಲ್ಲೇ ಉಳಿದಿದ್ದವರ ಮನೆಗಳನ್ನು ನೆಟ್ಟಗೆ ಮಾಡಿದ್ದೇ ವಿಯೆನ್ನಾ ಮಾಡಿದ ಎಲ್ಲಕ್ಕಿಂತ ಒಳ್ಳೆಯ ಕೆಲಸ.

ಹಿನ್ನೆಲೆ

1910ರಲ್ಲಿ ವಿಯೆನ್ನಾ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ರಾಜಧಾನಿ. ಸಾಮ್ರಾಜ್ಯದ ಜನಸಂಖ್ಯೆ 5 ಕೋಟಿಗೂ ಜಾಸ್ತಿ. ಬೊಹೀಮಿಯಾ, ಮೊರಾವಿಯಾ, ಗಲೀಷಿಯಾ, ಹಂಗೇರಿ ಕಡೆಯಿಂದ ಜನ ರೈಲು ಹತ್ತಿ ಬರುತ್ತಿದ್ದರು. ಇಟ್ಟಿಗೆ ಗೂಡಿನಲ್ಲಿ ದುಡಿಯಲು, ಮನೆಗೆಲಸಕ್ಕೆ, ಬಟ್ಟೆ ಹೊಲಿಯಲು, ಓದಲು, ಸರ್ಕಾರಿ ನೌಕರಿಗೆ. ಊರು 40 ಲಕ್ಷ ಜನರ ಮಹಾನಗರ ಆಗಿಯೇ ಆಗುತ್ತದೆ ಎಂಬ ಅಂದಾಜು ಆಗ ಓಡಾಡುತ್ತಿತ್ತು. ವಾಸ್ತುಶಿಲ್ಪಿ ಒಟ್ಟೋ ವಾಗ್ನರ್ 1911ರಲ್ಲಿ ಎಷ್ಟು ಬೇಕಾದರೂ ಬೆಳೆಯಬಲ್ಲ ನಗರದ ನಕ್ಷೆಯನ್ನೇ ಬರೆದರು.

ನಕ್ಷೆ ಮಾತ್ರವಲ್ಲ, ನೆಲದ ಮೇಲಿನ ಕೆಲಸವೂ ಅದೇ ಅಳತೆಯಲ್ಲಿ ನಡೆದಿತ್ತು. ಬೆಟ್ಟದ ಬುಗ್ಗೆ ನೀರನ್ನು ಊರಿಗೆ ತರುವ ಮೊದಲ ಕೊಳವೆ ಮಾರ್ಗ 1873ರಲ್ಲಿ ಬಂತು, ಎರಡನೆಯದು 1910ರಲ್ಲಿ. ಎರಡನೆಯದರ ಉದ್ದವೇ ಸುಮಾರು 180 ಕಿ.ಮೀ. ನಗರ ರೈಲು, ಆಸ್ಪತ್ರೆಗಳು, ಚರಂಡಿ, ಸ್ಮಶಾನ ಎಲ್ಲವೂ ಮುಂದೆ ಬರುವ ಜನರನ್ನೂ ಲೆಕ್ಕಕ್ಕೆ ಹಿಡಿದು ಕಟ್ಟಿದವು.

1918ರಲ್ಲಿ ಯುದ್ಧ ಸೋತು ಸಾಮ್ರಾಜ್ಯ ಒಡೆಯಿತು. ಉಳಿದ ಆಸ್ಟ್ರಿಯಾದಲ್ಲಿ ಇದ್ದವರು ಸುಮಾರು 65 ಲಕ್ಷ ಜನ. ಅವರಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಜಾಸ್ತಿ ಈ ಒಂದೇ ಊರಿನಲ್ಲಿ. ಕೂಡು ಕುಟುಂಬಕ್ಕೆಂದು ಕಟ್ಟಿಸಿದ ತೊಟ್ಟಿ ಮನೆಯಲ್ಲಿ ಅಣ್ಣತಮ್ಮಂದಿರು ಪಾಲಾಗಿ ಹೋದ ಮೇಲೆ ಇಬ್ಬರೋ ಮೂವರೋ ಉಳಿದರೆ ಹೇಗಿರುತ್ತದೆ, ಹಾಗಾಯಿತು ವಿಯೆನ್ನಾದ ಸ್ಥಿತಿ. ಕಲ್ಲಿದ್ದಲು ಬರುತ್ತಿದ್ದ ಗಣಿಗಳು ಈಗ ಚೆಕೊಸ್ಲೊವಾಕಿಯಾ, ಪೋಲೆಂಡ್ ದೇಶಗಳಲ್ಲಿ. ಗೋಧಿ, ಮಾಂಸ ಬರುತ್ತಿದ್ದ ಬಯಲು ಹಂಗೇರಿಯಲ್ಲಿ. ಎಲ್ಲಾ ಕಡೆ ಗಡಿ, ಸುಂಕ, ಹೊಸ ನೋಟು.

ಜನ ಹೊರಟರು. ಚೆಕ್ ಮೂಲದವರು ತಮ್ಮ ಹೊಸ ದೇಶಕ್ಕೆ ವಾಪಸಾದರು. ಸಾಮ್ರಾಜ್ಯವೇ ಇಲ್ಲದ ಮೇಲೆ ಅದರ ಕಚೇರಿ, ಸೇನೆಗಳಿಗೆ ಕೆಲಸವೆಲ್ಲಿ? ಯುದ್ಧದ ನಡುವೆ 1916ರ ಹೊತ್ತಿಗೆ 22 ಲಕ್ಷ ದಾಟಿತ್ತು ಅನ್ನುವ ಜನಸಂಖ್ಯೆ 1923ರ ಗಣತಿಯಲ್ಲಿ 18.7 ಲಕ್ಷಕ್ಕೆ ಇಳಿದಿತ್ತು.

ಜನ ಕಡಿಮೆಯಾದರೂ ಮನೆ ಸಾಲಲಿಲ್ಲ

ಇಲ್ಲೊಂದು ವಿಚಿತ್ರ ಇದೆ. ಈ ಪ್ರಕರಣ ಓದುವವರು ಮೊದಲು ಗಮನಿಸಬೇಕಾದದ್ದೇ ಇದು. ಜನ ಕಡಿಮೆಯಾದರೆ ಮನೆಗಳು ಖಾಲಿ ಬೀಳಬೇಕು ಅಲ್ವಾ? 1920ರ ದಶಕದ ವಿಯೆನ್ನಾದಲ್ಲಿ ಮನೆಗಳಿಗೆ ಕಡು ಅಭಾವ. ಕಾರಣ, ತಲೆಗಳು ಕಡಿಮೆಯಾದರೂ ಒಲೆಗಳು ಕಡಿಮೆಯಾಗಲಿಲ್ಲ. ಯುದ್ಧಕ್ಕೆ ಮುಂಚೆ ಒಂದು ಕೋಣೆ, ಒಂದು ಅಡುಗೆಮನೆಯ ಬಿಡಾರದಲ್ಲಿ ಇಡೀ ಕುಟುಂಬ ಇರುತ್ತಿತ್ತು. ಅದರ ಜೊತೆಗೆ ಹಾಸಿಗೆಯನ್ನು ಮಾತ್ರ ಬಾಡಿಗೆಗೆ ಪಡೆದು, ಕೆಲವು ಗಂಟೆ ಮಲಗಿ ಎದ್ದು ಹೋಗುವ ಕೂಲಿಯವರು ಬೇರೆ. ಯುದ್ಧ ಮುಗಿದ ಮೇಲೆ ಮದುವೆಗಳಾದವು, ಚಿಕ್ಕ ಚಿಕ್ಕ ಸಂಸಾರಗಳು ಹುಟ್ಟಿದವು. ಎಲ್ಲರಿಗೂ ತಮ್ಮದೇ ಬಾಗಿಲು ಬೇಕಿತ್ತು.

ಆಗಿನ ನಗರಸಭೆ ತೆಗೆದುಕೊಂಡ ತೀರ್ಮಾನ ದಿಟ್ಟವಾದದ್ದು. 1922ರಲ್ಲಿ ವಿಯೆನ್ನಾ ಪ್ರತ್ಯೇಕ ರಾಜ್ಯವಾಗಿ, ತೆರಿಗೆ ಹಾಕುವ ಅಧಿಕಾರ ಸಿಕ್ಕಿತ್ತು. ಹಣಕಾಸು ನೋಡಿಕೊಳ್ಳುತ್ತಿದ್ದ ಹ್ಯೂಗೋ ಬ್ರೈಟ್ನರ್ 1923ರಲ್ಲಿ ಮನೆ ಕಟ್ಟುವುದಕ್ಕೆಂದೇ ಒಂದು ತೆರಿಗೆ ತಂದರು. ಸಣ್ಣ ಬಿಡಾರಕ್ಕೆ ಚಿಲ್ಲರೆ ಕಾಸು, ದೊಡ್ಡ ಬಂಗಲೆಗೆ ಭಾರಿ ಮೊತ್ತ. ಆ ದುಡ್ಡಿನಲ್ಲಿ 1934ರ ಒಳಗೆ ನಗರವೇ 60,000ಕ್ಕೂ ಹೆಚ್ಚು ಮನೆ ಕಟ್ಟಿಸಿತು. ಸಣ್ಣ ಮನೆಗಳೇ. ಆದರೆ ಒಳಗೇ ನಲ್ಲಿ, ಒಳಗೇ ಕಕ್ಕಸು. 1930ರಲ್ಲಿ ತೆರೆದ ಕಾರ್ಲ್ ಮಾರ್ಕ್ಸ್ ಹೋಫ್ ಅನ್ನುವ ಕಟ್ಟಡ ಒಂದು ಕಿಲೋಮೀಟರಿಗೂ ಉದ್ದ, ಅದರಲ್ಲಿ 1,300ಕ್ಕೂ ಹೆಚ್ಚು ಮನೆಗಳು. ಒಳಗೆ ಬಟ್ಟೆ ಒಗೆಯುವ ಕೋಣೆ, ಶಿಶುವಿಹಾರ, ಗ್ರಂಥಾಲಯ ಎಲ್ಲ ಇತ್ತು.

ಇದರಿಂದ ಜನಸಂಖ್ಯೆ ಏರಲಿಲ್ಲ. ಮಕ್ಕಳು ಹುಟ್ಟುವುದು ಬಹಳ ಕಡಿಮೆಯಾಗಿತ್ತು. 1931ರಲ್ಲಿ ದೇಶದ ಅತಿ ದೊಡ್ಡ ಬ್ಯಾಂಕ್ ಕ್ರೆಡಿಟ್‌ಆನ್‌ಸ್ಟಾಲ್ಟ್ ಮುಳುಗಿತು, ಎಲ್ಲೆಲ್ಲೂ ನಿರುದ್ಯೋಗ. 1934ರ ಫೆಬ್ರುವರಿಯಲ್ಲಿ ಬಲಪಂಥೀಯ ಕೇಂದ್ರ ಸರ್ಕಾರಕ್ಕೂ ನಗರ ಆಳುತ್ತಿದ್ದ ಸಮಾಜವಾದಿಗಳಿಗೂ ನಡೆದ ಅಂತರ್ಯುದ್ಧದಲ್ಲಿ ಸೇನೆ ಅದೇ ಕಾರ್ಲ್ ಮಾರ್ಕ್ಸ್ ಹೋಫ್ ಮೇಲೆ ಫಿರಂಗಿ ಹಾರಿಸಿತು. ನಗರದ ಸ್ವಾಯತ್ತೆ ಅಲ್ಲಿಗೆ ಮುಗಿಯಿತು.

ಬಾಡಿಗೆ ನಿಯಂತ್ರಣದ ಮಾತು ಇಲ್ಲಿ ಬರಲೇಬೇಕು. ಯುದ್ಧದ ಮಧ್ಯೆ, 1917ರಲ್ಲಿ, ಸೈನಿಕರ ಕುಟುಂಬಗಳು ಬೀದಿಗೆ ಬೀಳಬಾರದೆಂದು ಬಾಡಿಗೆ ಏರಿಸದಂತೆ ತಡೆ ಹಾಕಿದ್ದರು. 1922ರಲ್ಲಿ ಅದು ಕಾಯಂ ಕಾನೂನಾಯಿತು. ಅಷ್ಟರಲ್ಲಿ ಹಣದುಬ್ಬರ ಬಂದು ಬಾಡಿಗೆಗೆ ಬೆಲೆಯೇ ಇಲ್ಲದಂತಾಯಿತು. ಬಡವರಿಗೆ ಸೂರು ಉಳಿಯಿತು, ಅದು ಸಣ್ಣ ಮಾತಲ್ಲ. ಆದರೆ ಮಾಲೀಕ ರಿಪೇರಿ ಮಾಡಿಸುವುದನ್ನು ಬಿಟ್ಟುಬಿಟ್ಟ. ಹೊಸದಾಗಿ ಕಟ್ಟಿಸುವವರೂ ಇಲ್ಲ. ಹಳೆಯ ವಠಾರಗಳ ಮೇಲೆ ಮುಂದಿನ 50 ವರ್ಷ ಇದರ ಗುರುತು ಉಳಿಯಿತು.

1938ರ ಗಾಯ

ಕುಸಿತದ ಅಂಕಿಗಳನ್ನು ಸುಮ್ನೆ ಜನನ, ಮರಣ, ವಲಸೆ ಅಂತ ಬರೆದು ಮುಂದೆ ಹೋದರೆ ತಪ್ಪಾಗುತ್ತದೆ. 1938ರ ಮಾರ್ಚ್‌ನಲ್ಲಿ ನಾಜಿ ಜರ್ಮನಿ ಆಸ್ಟ್ರಿಯಾವನ್ನು ನುಂಗಿದಾಗ ವಿಯೆನ್ನಾದಲ್ಲಿ 1.7 ಲಕ್ಷಕ್ಕೂ ಹೆಚ್ಚು ಯಹೂದಿಗಳಿದ್ದರು. ಡಾಕ್ಟರು, ವಕೀಲರು, ಅಂಗಡಿಯವರು, ದರ್ಜಿಗಳು, ಸಂಗೀತಗಾರರು, ವಿಜ್ಞಾನಿಗಳು. ಬಹುಪಾಲು ಜನರನ್ನು ದೋಚಿ ಓಡಿಸಿದರು. ಆಸ್ಟ್ರಿಯಾದ 65,000ಕ್ಕೂ ಹೆಚ್ಚು ಯಹೂದಿಗಳನ್ನು ಕೊಂದರು, ಅವರಲ್ಲಿ ಹೆಚ್ಚಿನವರು ವಿಯೆನ್ನಾದವರೇ. ಹತ್ತಾರು ಸಾವಿರ ಮನೆಗಳನ್ನು ಕಿತ್ತುಕೊಂಡು ನೆರೆಹೊರೆಯವರೇ ಹೊಕ್ಕರು.

ಮನೆ ಅಭಾವದ ಊರಿನಲ್ಲಿ ಆ ಲೂಟಿಯನ್ನು ಪರಿಹಾರ ಎಂದು ಕಂಡವರು ಕಡಿಮೆ ಇರಲಿಲ್ಲ. ನಗರದ ಬುದ್ಧಿ, ವ್ಯಾಪಾರ, ವಿದ್ಯೆ ಮೂರಕ್ಕೂ ಬಿದ್ದ ಆ ಪೆಟ್ಟನ್ನು ಮುಂದಿನ ಯಾವ ಯೋಜನೆಯೂ ತುಂಬಿಕೊಡಲಿಲ್ಲ. ಯುದ್ಧ ಮುಗಿದ ಮೇಲೆ ಉಳಿದವರನ್ನು ವಾಪಸ್ ಬನ್ನಿ ಎಂದು ಮನಸಾರೆ ಕರೆಯುವ ಕೆಲಸವೂ ಆಗಲಿಲ್ಲ. ಒಂದು ಊರು ಯಾಕೆ ನಿಂತುಹೋಯಿತು ಎಂದು ಕೇಳುವಾಗ ಇದನ್ನು ಮೊದಲ ಸಾಲಿನಲ್ಲಿ ಇಡಬೇಕು.

ಬಾಗಿಲು ಮುಚ್ಚಿದ ಪೂರ್ವ

1945ರಲ್ಲಿ ಸುಮಾರು 87,000 ಮನೆಗಳು ವಾಸಕ್ಕೆ ಯೋಗ್ಯವಾಗಿರಲಿಲ್ಲ. ಹತ್ತು ವರ್ಷ ಊರು ಅಮೆರಿಕ, ಬ್ರಿಟನ್, ಫ್ರಾನ್ಸ್, ಸೋವಿಯತ್ ಎಂಬ ನಾಲ್ಕು ಸೇನೆಗಳ ಕೈಯಲ್ಲಿ. ಸುತ್ತಲಿನ ಪ್ರದೇಶ ಪೂರ್ತಿ ಸೋವಿಯತ್ ವಲಯ. ಅಲ್ಲಿನ ನೂರಾರು ಕಾರ್ಖಾನೆಗಳನ್ನು ಸೋವಿಯತ್ ಆಡಳಿತ ವಶಕ್ಕೆ ತೆಗೆದುಕೊಂಡಿತ್ತು. ಹೀಗಿರುವಾಗ ಬಂಡವಾಳ ಹಾಕುವವರು ಎಲ್ಲಿಗೆ ಹೋಗುತ್ತಾರೆ? ಲಿನ್ಜ್, ಸಾಲ್ಜ್‌ಬರ್ಗ್ ಕಡೆಗೆ, ಪಶ್ಚಿಮಕ್ಕೆ. ಯುದ್ಧದ ನಂತರ ಅಮೆರಿಕ ಕೊಟ್ಟ ಮಾರ್ಷಲ್ ಯೋಜನೆಯ ನೆರವಿನಲ್ಲೂ ದೊಡ್ಡ ಪಾಲು ಆ ಕಡೆಗೇ ಹೋಯಿತು. 1955ರ ಮೇ 15ರಂದು ಒಪ್ಪಂದವಾಗಿ ಸೇನೆಗಳು ಹೊರಟವು. ಹೋದ ಉದ್ಯಮಗಳು ಮಾತ್ರ ವಾಪಸ್ ಬರಲಿಲ್ಲ.

ಊರಿನ ಪೂರ್ವಕ್ಕೆ ಸುಮಾರು 60 ಕಿ.ಮೀ. ದೂರದಲ್ಲಿ ಬ್ರಾಟಿಸ್ಲಾವಾ. 1914ರಲ್ಲಿ ಎರಡೂ ಊರುಗಳ ನಡುವೆ ವಿದ್ಯುತ್ ರೈಲು ಓಡಲು ಶುರುವಾಗಿತ್ತು. ಯುದ್ಧದ ನಂತರ ಪೂರ್ವದ ದೇಶಗಳು ಕಮ್ಯುನಿಸ್ಟ್ ಆಡಳಿತಕ್ಕೆ ಸೇರಿ, ನಡುವೆ ಮುಳ್ಳುತಂತಿ, ಕಾವಲು ಗೋಪುರ ಬಂದವು. ಸಾಮ್ರಾಜ್ಯದ ಕಾಲದಲ್ಲಿ ಮೊರಾವಿಯಾ, ಗಲೀಷಿಯಾದ ಜನ ಬಂದಿಳಿಯುತ್ತಿದ್ದ ಭವ್ಯವಾದ ಉತ್ತರ ರೈಲು ನಿಲ್ದಾಣಕ್ಕೆ ಪ್ರಯಾಣಿಕರೇ ಇಲ್ಲ. 1965ರಲ್ಲಿ ಅದನ್ನು ಕೆಡವಿದರು.

ಅಂಕಿಗಳೂ ಮೇಲೇರಲಿಲ್ಲ. 1951ರಲ್ಲಿ 16.2 ಲಕ್ಷ, 1971ರಲ್ಲೂ 16.2 ಲಕ್ಷ, 1981ರಲ್ಲಿ 15.3 ಲಕ್ಷ. ಹುಟ್ಟುವವರಿಗಿಂತ ಸಾಯುವವರು ಜಾಸ್ತಿ. ದೇಶದ ಬೇರೆ ಕಡೆಗಳಿಂದ ಒಂದಿಷ್ಟು ಜನ ಬರದಿದ್ದರೆ ಇನ್ನೂ ಕೆಳಗೆ ಹೋಗುತ್ತಿತ್ತು.

ಒಂದು ವಠಾರದ ಒಳಗೆ

1960ರ ದಶಕದಲ್ಲಿ 16ನೇ ವಾರ್ಡ್ ಒಟ್ಟಾಕ್ರಿಂಗ್‌ನಂಥ ಕಡೆ ಹೋಗಿದ್ದರೆ ಏನು ಕಾಣುತ್ತಿತ್ತು? ಬೀದಿಯ ಕಡೆಗೆ ಗಾರೆಯ ಅಲಂಕಾರ, ಅರ್ಧ ಉದುರಿದ್ದು. ದೊಡ್ಡ ಬಾಗಿಲು ದಾಟಿದರೆ ಕಲ್ಲಿನ ಮೆಟ್ಟಿಲು. ಪ್ರತಿ ಮಹಡಿಯಲ್ಲೂ ಉದ್ದನೆಯ ಓಣಿ. ಓಣಿಯ ಗೋಡೆಗೆ ಎರಕದ ಕಬ್ಬಿಣದ ಒಂದು ತೊಟ್ಟಿ, ಅದರ ಮೇಲೊಂದು ನಲ್ಲಿ. ಅದಕ್ಕೆ ಬಸೇನಾ ಅನ್ನುತ್ತಾರೆ. ಆ ಮಹಡಿಯ ಎಲ್ಲಾ ಮನೆಗಳಿಗೂ ಅದೊಂದೇ ನೀರು. ನಮ್ಮ ಬೀದಿ ನಲ್ಲಿಯ ಹತ್ತಿರ ನಡೆಯುವ ಮಾತು, ಜಗಳ, ಸಮಾಚಾರ ಎಲ್ಲವೂ ಅಲ್ಲೂ ನಡೆಯುತ್ತಿತ್ತು. ಓಣಿಯ ಕೊನೆಗೆ ಕಕ್ಕಸು, ಅದೂ ಹಂಚಿಕೊಂಡದ್ದು.

ಮನೆಯ ಬಾಗಿಲು ತೆರೆದರೆ ನೇರ ಅಡುಗೆಮನೆ. ಅದರ ಕಿಟಕಿ ಓಣಿಗೆ ತೆರೆಯುತ್ತಿತ್ತು, ಆಚೆಯ ಗಾಳಿ ಬೆಳಕು ಬರುತ್ತಿರಲಿಲ್ಲ. ಅದನ್ನು ದಾಟಿದರೆ ಒಂದು ಕೋಣೆ. ಅಷ್ಟೇ ಮನೆ. ಚಳಿಗಾಲಕ್ಕೆ ನೆಲಮಾಳಿಗೆಯಿಂದ ಕಲ್ಲಿದ್ದಲು ಹೊತ್ತು ತರಬೇಕು. ಹೊರುತ್ತಿದ್ದವರಲ್ಲಿ ಬಹಳ ಮಂದಿ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಮುದುಕಿಯರು. ಪಕ್ಕದ ಬಿಡಾರದಲ್ಲಿ ಯುಗೊಸ್ಲಾವಿಯಾ, ಟರ್ಕಿಯಿಂದ ಬಂದ ಕೂಲಿಗಳು. ಕೆಲಸಗಾರರನ್ನು ಕರೆಸಿಕೊಳ್ಳಲು ಆಸ್ಟ್ರಿಯಾ 1964ರಲ್ಲಿ ಟರ್ಕಿಯ ಜೊತೆ, 1966ರಲ್ಲಿ ಯುಗೊಸ್ಲಾವಿಯಾದ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಅವರಿಗೆ ಸಿಕ್ಕಿದ್ದು ಬೇರೆ ಯಾರಿಗೂ ಬೇಡವಾದ ಈ ಮನೆಗಳು. ಒಂದು ಕೋಣೆಗೆ ಇಷ್ಟು ಹಾಸಿಗೆ ಎಂದು ಲೆಕ್ಕ ಹಾಕಿ ಬಾಡಿಗೆ ಕೀಳುವ ಮಾಲೀಕರೂ ಇದ್ದರು.

ಇಂಥ ಮನೆಗಳು ಲಕ್ಷಗಟ್ಟಲೆ ಇದ್ದವು. ಮುಂದೆ 1982ರಿಂದ ಜಾರಿಯಾದ ಬಾಡಿಗೆ ಕಾನೂನು ಮನೆಗಳನ್ನು ನಾಲ್ಕು ದರ್ಜೆ ಮಾಡಿದಾಗ, ಒಳಗೆ ನೀರು ಅಥವಾ ಕಕ್ಕಸು ಇಲ್ಲದವು ಕೊನೆಯ 'ಡಿ' ದರ್ಜೆಗೆ ಸೇರಿದವು.

ಏನೇನು ಮಾಡಿ ನೋಡಿದರು

ಮೊದಲ ದಾರಿ, ಹೊರಗೆ ಕಟ್ಟುವುದು. 1960ರ ದಶಕದಲ್ಲಿ ಕಾರ್ಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟ್ ಹಲಗೆಗಳನ್ನು ಜೋಡಿಸಿ ಡ್ಯಾನ್ಯೂಬ್ ನದಿಯ ಆಚೆ, ಊರಿನ ತೆಂಕಣ ಅಂಚಿನಲ್ಲಿ ದೊಡ್ಡ ದೊಡ್ಡ ಬಡಾವಣೆ ಎಬ್ಬಿಸಿದರು. ಮನೆಗಳೇನೋ ಬೆಳಕಾಗಿದ್ದವು. ಸ್ನಾನದ ಮನೆ ಇತ್ತು. ಚಿಕ್ಕ ಮಕ್ಕಳಿದ್ದ ಸಂಸಾರಗಳು ಸಂತೋಷದಿಂದ ಹೋದವು. ಆದರೆ ಊರಿನ ಒಟ್ಟು ಜನ ಅಷ್ಟೇ ಇರುವಾಗ, ಅಂಚಿಗೆ ಹೋದ ಪ್ರತಿ ಸಂಸಾರ ನಡುವಿನ ಒಂದು ವಠಾರವನ್ನು ಬಿಟ್ಟೇ ಹೋಗಿರುತ್ತದೆ. ಹಳೆಯ ವಾರ್ಡ್‌ಗಳಲ್ಲಿ ವಯಸ್ಸಾದವರು, ಬಡವರು, ಹೊರಗಿನಿಂದ ಬಂದ ಕೂಲಿಗಳು ಉಳಿದರು. ಅಂಗಡಿಗಳು ಒಂದೊಂದಾಗಿ ಮುಚ್ಚಿದವು.

ಎರಡನೆಯ ದಾರಿ, ಕೆಡವುವುದು. ಕಾರಿನ ಕಾಲ ಅದು. ವೀನ್ ಹೊಳೆಯ ಗುಂಟ ವೇಗದ ರಸ್ತೆ ತರುವ ಯೋಜನೆಯಿತ್ತು. ಅದು ಆಗಿದ್ದರೆ ಇವತ್ತು ಪ್ರವಾಸಿಗರು ಮುಗಿಬೀಳುವ ನಾಶ್‌ಮಾರ್ಕ್ಟ್ ಸಂತೆ ಇರುತ್ತಿರಲಿಲ್ಲ. ಸ್ಪಿಟ್ಟೆಲ್‌ಬರ್ಗ್ ಎಂಬ 18ನೇ ಶತಮಾನದ ಕೇರಿಯನ್ನೂ ನೆಲಸಮ ಮಾಡುವ ಮಾತು ನಡೆದಿತ್ತು.

ಮೂರನೆಯದು ಗಡಿಯ ಊರು ಎಂಬ ಶಾಪವನ್ನೇ ಕಸುಬು ಮಾಡಿಕೊಳ್ಳುವುದು. ಪೂರ್ವ-ಪಶ್ಚಿಮ ಎರಡಕ್ಕೂ ಸೇರದ ತಟಸ್ಥ ದೇಶ, ಮಾತುಕತೆಗೆ ಒಳ್ಳೆಯ ಜಾಗ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 1957ರಿಂದ ಅಲ್ಲೇ ಇದೆ. 1965ರಲ್ಲಿ ತೈಲ ರಫ್ತು ದೇಶಗಳ ಸಂಘಟನೆ ಒಪೆಕ್ ಜಿನೀವಾದಿಂದ ಬಂತು. 1979ರಲ್ಲಿ ಡ್ಯಾನ್ಯೂಬ್ ಆಚೆ ವಿಶ್ವಸಂಸ್ಥೆಯ ಕಟ್ಟಡಗಳು ತೆರೆದವು. ಒಳ್ಳೆಯ ನಡೆಯೇ. ಆದರೆ ಒಟ್ಟಾಕ್ರಿಂಗ್‌ನ ಓಣಿ ನಲ್ಲಿಗೂ ಅದಕ್ಕೂ ಸಂಬಂಧ ಇರಲಿಲ್ಲ.

ತಿರುವು

ತಿರುವು ಬಂದದ್ದು ಮರಗಳಿಂದ. 1973ರಲ್ಲಿ ಒಂದು ಹಳೆಯ ವೀಕ್ಷಣಾಲಯದ ತೋಟದಲ್ಲಿ ವಿಶ್ವವಿದ್ಯಾಲಯದ ಕಟ್ಟಡ ಕಟ್ಟುವ ಯೋಜನೆಯನ್ನು ಮೇಯರ್ ಬೆಂಬಲಿಸಿದರು. ಮರ ಕಡಿಯಬೇಡಿ ಎಂದು ಜನ ಎದ್ದರು. ಜನಮತ ಕೇಳಿದಾಗ ಹೆಚ್ಚಿನವರು ಬೇಡ ಎಂದರು. ಮೇಯರ್ ರಾಜೀನಾಮೆ ಕೊಟ್ಟರು. ದಶಕಗಳಿಂದ ಒಂದೇ ಪಕ್ಷ ಗೆಲ್ಲುತ್ತಿದ್ದ ಊರಿನಲ್ಲಿ ಇದು ದೊಡ್ಡ ಆಘಾತ. ನಾವು ಮೇಲೆ ಕೂತು ನಕ್ಷೆ ಹಾಕುತ್ತೇವೆ, ಜನ ಒಪ್ಪಿಕೊಳ್ಳುತ್ತಾರೆ ಎಂಬ ನಂಬಿಕೆ ಆ ವರ್ಷ ಮುರಿಯಿತು.

1974ರಲ್ಲಿ ಎರಡು ಕೆಲಸ ಆಯಿತು. ಒಂದು, ನಗರ ನವೀಕರಣಕ್ಕೆ ದೇಶಮಟ್ಟದ ಕಾನೂನು. ಅದರಲ್ಲಿ ಬೇಕಾದರೆ ಖಾಸಗಿ ಆಸ್ತಿಯನ್ನು ವಶಪಡಿಸಿಕೊಳ್ಳುವ ಅಧಿಕಾರವೂ ಇತ್ತು. ಅದನ್ನು ಬಳಸಿದ್ದು ಕಡಿಮೆ. ಎರಡನೆಯದು ನೋಡಲು ತೀರಾ ಚಿಕ್ಕದು: ಒಟ್ಟಾಕ್ರಿಂಗ್‌ನಲ್ಲಿ ಒಂದು ಪ್ರಾಯೋಗಿಕ ಕಚೇರಿ ತೆರೆದರು. ಅಲ್ಲಿನ ವಾಸ್ತುಶಿಲ್ಪಿಗಳು, ಕಾನೂನು ಬಲ್ಲವರು ಬಂದವರಿಗೆಲ್ಲ ಸಲಹೆ ಕೊಡುತ್ತಿದ್ದರು. ಸೂರು ಸೋರುತ್ತಿದೆ, ಮಾಲೀಕ ಮಾತಾಡುವುದಿಲ್ಲ, ಮನೆ ಒಡೆಯುತ್ತಾರಂತೆ ನಿಜವಾ ಎಂದು ಕೇಳಲು ಒಂದು ಜಾಗ ಆಯಿತು. ಅದೇ ಹೊತ್ತಿಗೆ 4ನೇ ವಾರ್ಡ್‌ನಲ್ಲಿ ಅಕ್ಕಪಕ್ಕದ ವಠಾರಗಳ ಹಿತ್ತಿಲ ಗೋಡೆಗಳನ್ನು ತೆಗೆದು ಎಲ್ಲರಿಗೂ ಸೇರಿದ ಒಂದು ತೋಟ ಮಾಡಿದರು. ದೂರದರ್ಶನದವರು ಅದನ್ನು ಹಿಂಬಾಲಿಸಿ ತೋರಿಸಿದ್ದರಿಂದ ಇಡೀ ದೇಶಕ್ಕೆ ಗೊತ್ತಾಯಿತು.

ಈ ಅನುಭವ 10 ವರ್ಷ ಮಾಗಿ 1984ರಲ್ಲಿ ಒಂದು ವ್ಯವಸ್ಥೆಯಾಯಿತು. ನಗರ ಒಂದು ನಿಧಿ ಸ್ಥಾಪಿಸಿತು. ಅದು ನಡೆದ ರೀತಿ ಹೀಗೆ. ಮಾಲೀಕ ಅರ್ಜಿ ಹಾಕಬೇಕು. ನಿಧಿಯವರು ಕಟ್ಟಡ ನೋಡುತ್ತಾರೆ. ಹೆಚ್ಚು ಕೆಟ್ಟಿರುವ ಕಟ್ಟಡಕ್ಕೆ, ಹೆಚ್ಚು ಕಷ್ಟದಲ್ಲಿರುವ ಬಾಡಿಗೆದಾರರಿಗೆ ಮೊದಲ ಆದ್ಯತೆ. ಸೂರು, ಮೆಟ್ಟಿಲು, ಕೊಳವೆ, ಲಿಫ್ಟ್‌ಗೆ ಸರ್ಕಾರದ ನೆರವು. ನೆರವು ತೆಗೆದುಕೊಂಡ ಮೇಲೆ ವರ್ಷಾನುಗಟ್ಟಲೆ ಬಾಡಿಗೆಯನ್ನು ಮಿತಿಯೊಳಗೇ ಇಡಬೇಕು. ಬಾಡಿಗೆದಾರರನ್ನು ಹೊರಗೆ ಹಾಕುವಂತಿಲ್ಲ. ಜನ ಒಳಗೇ ಇರುವಾಗ ಕೆಲಸ ನಡೆಯಬೇಕು.

ಜನ ಒಳಗಿದ್ದು ಕೆಲಸ ನಡೆಯಲು ಸಾಧ್ಯವಾದದ್ದು ಹೇಗೆ? ಇಲ್ಲಿ ಊರು ಕುಗ್ಗಿದ್ದೇ ಸಹಾಯಕ್ಕೆ ಬಂತು. ಅನೇಕ ವಠಾರಗಳಲ್ಲಿ ಒಂದೆರಡು ಬಿಡಾರ ಖಾಲಿ ಇರುತ್ತಿತ್ತು. ಒಂದು ಮನೆಯವರನ್ನು ಅಲ್ಲಿಗೆ ಕಳಿಸಿ ಇವರ ಮನೆ ಸರಿಮಾಡುವುದು, ಆಮೇಲೆ ಪಕ್ಕದವರದ್ದು. ಎರಡು ಚಿಕ್ಕ ಬಿಡಾರದ ನಡುವಿನ ಗೋಡೆ ಒಡೆದು ಒಂದೇ ಮನೆ ಮಾಡುವುದು, ಓಣಿಯ ಕಕ್ಕಸಿನ ಜಾಗವನ್ನು ಒಳಗೆ ಸೇರಿಸಿ ಸ್ನಾನದ ಮನೆ ಮಾಡುವುದು. ತುಂಬಿ ತುಳುಕುವ ಊರಿನಲ್ಲಿ ಇದು ಆಗುತ್ತಿರಲಿಲ್ಲ. ಈ ಪ್ರಕರಣದಲ್ಲಿ ನನಗೆ ತುಂಬಾ ಇಷ್ಟವಾಗುವ ಭಾಗ ಇದು. ಖಾಲಿ ಮನೆಯನ್ನು ಎಲ್ಲರೂ ಸೋಲಿನ ಗುರುತು ಅಂದುಕೊಂಡಿದ್ದರು. ಕೆಲಸಕ್ಕೆ ಇಳಿದವರಿಗೆ ಅದು ಬೇಕಾದ ಸಲಕರಣೆ ಆಯಿತು.

ಕೆಲಸ ನಿಧಾನ ಎಂಬ ದೂರು ಇತ್ತು, ಅದು ನಿಜ ಕೂಡ. ಒಂದು ವಠಾರ ಮುಗಿಯಲು ವರ್ಷಗಳೇ ಬೇಕು. ನೆರವು ಬೇಡ, ಬಾಡಿಗೆದಾರರನ್ನು ಹೇಗಾದರೂ ಓಡಿಸಿ ಮನೆ ಮಾರಿದರೆ ಜಾಸ್ತಿ ಲಾಭ ಎಂದು ಲೆಕ್ಕ ಹಾಕಿದ ಮಾಲೀಕರೂ ಇದ್ದರು. ಅವರು ಬಿಸಿನೀರು ನಿಲ್ಲಿಸುವುದು, ಸೂರು ಬಿಚ್ಚಿ ಬಿಡುವುದು ಇಂಥ ದಾರಿ ಹಿಡಿದರು. ಬಡಾವಣೆಯ ಸಲಹಾ ಕಚೇರಿಗಳು ಆಗ ಬಾಡಿಗೆದಾರರ ಬೆನ್ನಿಗೆ ನಿಂತವು.

ಜನ ಕಡಿಮೆಯಾಗುವಾಗ ಮೆಟ್ರೋ

ಇನ್ನೊಂದು ತೀರ್ಮಾನವನ್ನೂ ಬಿಡುವಂತಿಲ್ಲ. 1968ರಲ್ಲಿ ನಗರಸಭೆ ಸುರಂಗ ರೈಲಿಗೆ ಒಪ್ಪಿಗೆ ಕೊಟ್ಟಿತು. ಮರುವರ್ಷ ಅಗೆತ ಶುರು. 1978ರಲ್ಲಿ ಯು1 ಮಾರ್ಗದ ಮೊದಲ ಭಾಗ ತೆರೆಯಿತು. ಆ 10 ವರ್ಷದಲ್ಲಿ ಜನಸಂಖ್ಯೆ ಇಳಿಯುತ್ತಲೇ ಇತ್ತು. ಇಳಿಯುತ್ತಿರುವ ಊರಿಗೆ ಮೆಟ್ರೋ ಯಾಕೆ ಎಂದು ಯಾರಾದರೂ ಕೇಳಬಹುದಿತ್ತು. ನದಿಯ ಕೆಲಸವೂ ಹಾಗೇ. ಪ್ರವಾಹದಿಂದ ಊರನ್ನು ಕಾಪಾಡಲು 1972ರಿಂದ 1988ರವರೆಗೆ ಡ್ಯಾನ್ಯೂಬ್ ಪಕ್ಕದಲ್ಲೇ ಎರಡನೆಯ ಕಾಲುವೆ ತೋಡಿದರು. ಅಗೆದ ಮಣ್ಣನ್ನು ನಡುವೆ ಸುರಿದಾಗ 21 ಕಿ.ಮೀ. ಉದ್ದದ ದ್ವೀಪವೇ ಆಯಿತು. ಬೇಲಿ ಹಾಕಿ ಬಿಡಬಹುದಿತ್ತು. ಅದನ್ನು ಈಜಲು, ಸೈಕಲ್ ಹೊಡೆಯಲು, ಸುಮ್ನೆ ಹುಲ್ಲಿನ ಮೇಲೆ ಕೂರಲು ಎಲ್ಲರಿಗೂ ಬಿಟ್ಟರು. ಟಿಕೆಟ್ ಇಲ್ಲ.

1976ರ ಆಗಸ್ಟ್ 1ರ ಬೆಳಗಿನ ಜಾವ ಡ್ಯಾನ್ಯೂಬ್ ಮೇಲಿನ ದೊಡ್ಡ ಸೇತುವೆ ರೈಖ್ಸ್‌ಬ್ರ್ಯೂಕೆ ಕುಸಿದು ಬಿತ್ತು. ಭಾನುವಾರ ಅಷ್ಟು ಹೊತ್ತಿಗೆ ಓಡಾಟ ಇರಲಿಲ್ಲವಾದ್ದರಿಂದ ಒಬ್ಬರಷ್ಟೇ ತೀರಿಕೊಂಡರು, ಇಲ್ಲದಿದ್ದರೆ ದೊಡ್ಡ ಅನಾಹುತ. 1980ರಲ್ಲಿ ತೆರೆದ ಹೊಸ ಸೇತುವೆಯಲ್ಲಿ ವಾಹನದ ದಾರಿಯ ಕೆಳಗೇ ಮೆಟ್ರೋಗೂ ಜಾಗ ಇಟ್ಟರು. 1982ರಲ್ಲಿ ಯು1 ನದಿ ದಾಟಿತು. ಆಚೆ ದಡದ ಬಡಾವಣೆಗಳು ಆಗ ನಿಜವಾಗಿ ಊರಿಗೆ ಸೇರಿದವು.

ಏನಾಯಿತು

1989ರಲ್ಲಿ ಪೂರ್ವದ ಗಡಿ ತೆರೆಯಿತು. ವಿಯೆನ್ನಾದವರು ಇದನ್ನು ಮಾಡಿದ್ದಲ್ಲ, ಅವರು ಎಣಿಸಿದ್ದೂ ಅಲ್ಲ. ಬೆನ್ನಿಗೇ ಯುಗೊಸ್ಲಾವಿಯಾ ಒಡೆಯಿತು, ಬೋಸ್ನಿಯಾದಿಂದ ನಿರಾಶ್ರಿತರು ಬಂದರು. ಕೆಲವೇ ವರ್ಷಗಳಲ್ಲಿ ಜನಸಂಖ್ಯೆ ಮತ್ತೆ ಏರತೊಡಗಿತು. ಬಂದವರಿಗೆ ನೀರಿತ್ತು, ಚರಂಡಿ ಇತ್ತು, ಮೆಟ್ರೋ ಇತ್ತು, ರಿಪೇರಿಯಾದ ಮನೆಗಳಿದ್ದವು. ನೂರು ವರ್ಷ ಹಿಂದೆ 40 ಲಕ್ಷ ಜನರಿಗೆಂದು ಯೋಚಿಸಿ ಹಾಕಿದ ಅಡಿಪಾಯ ಕೊನೆಗೂ ಬಳಕೆಗೆ ಬಂತು. 1995ರಲ್ಲಿ ಆಸ್ಟ್ರಿಯಾ ಐರೋಪ್ಯ ಒಕ್ಕೂಟ ಸೇರಿತು. 2004ರಲ್ಲಿ ಪಕ್ಕದ ಸ್ಲೊವಾಕಿಯಾ, ಚೆಕ್, ಹಂಗೇರಿಗಳೂ ಸೇರಿದವು. ಅಂಚಿನಲ್ಲಿದ್ದ ಊರು ಮತ್ತೆ ನಡುವಿಗೆ ಬಂತು.

ಇಲ್ಲೂ ಒಂದು ತಿರುವು. 1995ಕ್ಕೆ ಹಂಗೇರಿಯ ರಾಜಧಾನಿ ಬುಡಾಪೆಸ್ಟ್ ಜೊತೆ ಸೇರಿ ವಿಶ್ವ ಪ್ರದರ್ಶನ ನಡೆಸಬೇಕೆಂದು ನಾಯಕರು ಹೊರಟಿದ್ದರು. ಗಡಿ ತೆರೆದ ಸಂಭ್ರಮ, ಹಳೆಯ ವೈಭವ ವಾಪಸ್ ಬಂತು ಎಂಬ ಉಮೇದು. 1991ರ ಮೇ ತಿಂಗಳಲ್ಲಿ ಜನರನ್ನು ಕೇಳಿದರು. ಜನ ಬೇಡ ಎಂದರು. ಬಾಡಿಗೆ ಏರುತ್ತದೆ, ಊರು ನಮ್ಮ ಕೈ ತಪ್ಪುತ್ತದೆ ಎಂಬುದು ಅವರ ಭಯ. ನಾಯಕರು ಯೋಜನೆ ಕೈಬಿಟ್ಟರು. ಮೀಸಲಿಟ್ಟ ಜಾಗದಲ್ಲಿ ಮುಂದೆ ಕಚೇರಿ, ಮನೆಗಳ ಹೊಸ ಪ್ರದೇಶ ಎದ್ದಿತು. 1973ರ ಪೆಟ್ಟು ತಿಂದಿರದಿದ್ದರೆ ಜನರನ್ನು ಕೇಳುತ್ತಿದ್ದರೋ ಇಲ್ಲವೋ.

ಇತರರಿಗೆ ಇದರಲ್ಲಿ ಏನಿದೆ

ಅದೃಷ್ಟವನ್ನೂ ಸಿದ್ಧತೆಯನ್ನೂ ಬೇರೆ ಬೇರೆ ಮಾಡಿ ನೋಡಬೇಕು. ಗಡಿ ತೆರೆಯದಿದ್ದರೆ ವಿಯೆನ್ನಾ ಇವತ್ತಿಗೂ 15 ಲಕ್ಷದ ಊರಾಗಿಯೇ ಇರಬಹುದಿತ್ತು. ಹಾಗಿದ್ದರೂ ಮನೆ ರಿಪೇರಿ ವ್ಯರ್ಥವಾಗುತ್ತಿರಲಿಲ್ಲ. ಮುದುಕಿಗೆ ನಲ್ಲಿ ಒಳಗೆ ಬಂದಿರುತ್ತಿತ್ತು. ಊರು ಬೆಳೆದರೂ ಬೆಳೆಯದಿದ್ದರೂ ಫಲ ಕೊಡುವ ಕೆಲಸ ಯಾವುದು ಎಂದು ಹುಡುಕಿದ್ದು ಅವರ ಜಾಣತನ. ಹೊಸ ಕಾರ್ಖಾನೆ ತಂದು ಊರನ್ನು ಎತ್ತುವ ಪ್ರಯತ್ನವನ್ನು ಇದರ ಪಕ್ಕದಲ್ಲಿಟ್ಟು ನೋಡಿ. 1982ರಲ್ಲಿ ದೊಡ್ಡ ಸರ್ಕಾರಿ ನೆರವಿನಿಂದ ಊರಿನ ಅಂಚಿನ ಆಸ್ಪರ್ನ್‌ನಲ್ಲಿ ಕಾರಿನ ಎಂಜಿನ್ ಕಾರ್ಖಾನೆ ಬಂತು. ನಾಲ್ಕು ದಶಕ ಕೆಲಸ ಕೊಟ್ಟು 2024ರಲ್ಲಿ ಮುಚ್ಚಿತು. ಅದೇ ಆಸ್ಪರ್ನ್‌ನ ಹಳೆಯ ವಿಮಾನ ನಿಲ್ದಾಣದಲ್ಲಿ ಈಗ ಹೊಸ ಉಪನಗರ ಬೆಳೆಯುತ್ತಿದೆ. ಅಲ್ಲಿಗೆ 2013ರಲ್ಲಿ ಮೆಟ್ರೋ ಮೊದಲು ಹೋಯಿತು, ಜನ ಆಮೇಲೆ ಬಂದರು.

ಜನಗಣತಿಯ ಒಟ್ಟು ಅಂಕಿ ನೋಡಿ ಮನೆ ಸಾಕು ಎನ್ನುವುದು ಎಷ್ಟು ತಪ್ಪು ಎಂಬುದನ್ನು 1920ರ ದಶಕವೇ ತೋರಿಸಿದೆ. ಎಷ್ಟು ಸಂಸಾರ, ಎಷ್ಟು ವಯಸ್ಸು, ಯಾವ ಮಹಡಿ ಎಂದು ಕೇಳಬೇಕು.

ಯಾರು ಹೊರಗುಳಿದರು ಎಂಬುದನ್ನು ನಾನು ಹೇಳಲೇಬೇಕು. ಊರು ಮುದಿಯಾಗುತ್ತಿದ್ದಾಗ ರಸ್ತೆ ಗುಡಿಸಿ, ಮೆಟ್ರೋ ಸುರಂಗ ಅಗೆದು, ಆಸ್ಪತ್ರೆ ನಡೆಸಿದವರಲ್ಲಿ ವಲಸೆ ಬಂದವರು ಬಹಳ. ನಗರವೇ ಕಟ್ಟಿಸಿದ ಬಾಡಿಗೆ ಮನೆಗಳು ಇವತ್ತು ಸುಮಾರು 2.2 ಲಕ್ಷ ಇವೆ, ಆದರೆ ಐರೋಪ್ಯ ಒಕ್ಕೂಟದ ಹೊರಗಿನ ದೇಶದವರಿಗೆ ಆ ಬಾಗಿಲು ಸರಿಯಾಗಿ ತೆರೆದದ್ದು 2006ರಲ್ಲಿ. ಅದೂ ಒಕ್ಕೂಟದ ನಿಯಮ ಬಂದು ತೆರೆಯಲೇಬೇಕಾದಾಗ. ಅಲ್ಲಿಯವರೆಗೆ ಅವರಲ್ಲಿ ಬಹಳ ಮಂದಿ ಕೆಳದರ್ಜೆಯ ವಠಾರಗಳಲ್ಲೇ ಇದ್ದರು, ಅನೇಕರು ನಗರದ ಮನೆಗಿಂತ ಜಾಸ್ತಿ ಬಾಡಿಗೆ ಕೊಟ್ಟು. ಇವತ್ತಿಗೂ ಮತದಾನದ ವಯಸ್ಸಿನ ವಿಯೆನ್ನಾದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ನಗರಸಭೆಗೆ ಮತ ಹಾಕುವ ಹಕ್ಕಿಲ್ಲ, ಪೌರತ್ವ ಇಲ್ಲ ಎಂಬ ಕಾರಣಕ್ಕೆ. ಜನರನ್ನು ಕೇಳಿ ಊರು ನಡೆಸುತ್ತೇವೆ ಎಂದು ಕಲಿತ ಊರಿಗೆ ಇದು ಒಪ್ಪುವಂಥದ್ದಲ್ಲ.

ಈಗ ಒತ್ತಡ ತಿರುಗಿಬಿದ್ದಿದೆ. 1994ರ ಬಾಡಿಗೆ ಕಾನೂನು ಒಳ್ಳೆಯ ಜಾಗದಲ್ಲಿರುವ ಹಳೆಯ ಮನೆಗೆ ಹೆಚ್ಚುವರಿ ಬಾಡಿಗೆ ವಸೂಲಿ ಮಾಡಲು ಬಿಟ್ಟಿತು. ಕೆಲವೇ ವರ್ಷಗಳ ಕರಾರಿನ ಬಾಡಿಗೆಗಳೂ ಹೆಚ್ಚಾದವು. ಹಳೆಯ ವಠಾರ ಕೆಡವಿ ಹೊಸದು ಕಟ್ಟಿದರೆ ಬಾಡಿಗೆ ಮಿತಿಯೇ ಇರುವುದಿಲ್ಲವಾದ್ದರಿಂದ, ಗಟ್ಟಿಮುಟ್ಟಾಗಿದ್ದ ಕಟ್ಟಡಗಳನ್ನೂ ಒಡೆಯತೊಡಗಿದರು. 2018ರ ಬೇಸಿಗೆಯಲ್ಲಿ ನಗರ ಕಟ್ಟಡ ನಿಯಮ ತಿದ್ದಿತು. 1945ಕ್ಕೆ ಮೊದಲು ಕಟ್ಟಿದ ಯಾವ ಮನೆಯನ್ನಾದರೂ ಕೆಡವುವ ಮುಂಚೆ, ಅದನ್ನು ಉಳಿಸುವ ಅಗತ್ಯ ಇಲ್ಲ ಎಂಬ ನಗರದ ಒಪ್ಪಿಗೆ ಬೇಕು. ಆ ನಿಯಮ ಜಾರಿಗೆ ಬರುವ ಮುಂಚಿನ ವಾರಗಳಲ್ಲಿ ಕೆಲವು ಮಾಲೀಕರು ಅವಸರದಲ್ಲಿ ಬುಲ್ಡೋಜರ್ ತರಿಸಿದ್ದರು.